ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣ ಮುಂದೆ ಕೃತಕ ಲೋಕವನ್ನು ತೋರಿಸುವ, ತಲೆಗೆ ಧರಿಸುವ ಸಾಧನ ಬಳಸುವಾಗ ಹೆಸರು ಮರೆಮಾಚಿದರೂ ನಮ್ಮ ಗುರುತು ಸಿಗುತ್ತದೆಯೇ?

ಸಿಗಬಹುದು. ಹೆಸರು, ಮುಖ, ಧ್ವನಿ ಮೂರನ್ನೂ ಮರೆಮಾಚಿದರೂ ನಿಮ್ಮ ಚಲನೆಯೇ ನಿಮ್ಮನ್ನು ಗುರುತಿಸಿಕೊಡಬಲ್ಲದು.

ಕೃತಕ ದೃಶ್ಯವು ನಿಜವೆನಿಸಬೇಕಾದರೆ ತಲೆ ಮತ್ತು ಕೈಗಳು ಎಲ್ಲಿವೆ, ಯಾವ ಕಡೆಗೆ ತಿರುಗಿವೆ ಎಂಬುದನ್ನು ಸಾಧನವು ಪ್ರತಿ ಸೆಕೆಂಡಿಗೆ ಹತ್ತಾರು ಬಾರಿ ಅಳೆಯಲೇಬೇಕು. ಆ ಅಳತೆಗಳಲ್ಲಿ ನಿಮ್ಮ ಎತ್ತರ, ತೋಳಿನ ಉದ್ದ ಮತ್ತು ಕೈ ಬೀಸುವ ವೈಖರಿ, ಬೆರಳಚ್ಚಿನಂತೆ, ಅಚ್ಚೊತ್ತಿರುತ್ತವೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರ ನೇತೃತ್ವದ ತಂಡವೊಂದು, ಒಂದೇ ಆಟವನ್ನು ಆಡಿದ್ದ 50,000ಕ್ಕೂ ಹೆಚ್ಚು ಮಂದಿಯ ನಡುವೆ ಒಬ್ಬ ವ್ಯಕ್ತಿಯನ್ನು ಕೇವಲ 100 ಸೆಕೆಂಡುಗಳ ಚಲನೆಯಿಂದ ಶೇ. 94ರಷ್ಟು ನಿಖರತೆಯೊಂದಿಗೆ ಗುರುತಿಸಿ ತೋರಿಸಿತು. ಆದರೆ ಹೀಗೆ ಗುರುತಿಸಲು ಆ ವ್ಯಕ್ತಿಯ ಹಳೆಯ ಚಲನೆಯ ದಾಖಲೆ ಹೋಲಿಕೆಗೆ ಲಭ್ಯವಿರಬೇಕು.

ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬಂದು ಕಿರುಕುಳ ಕೊಡುವವರನ್ನು ಪತ್ತೆಹಚ್ಚಲು ಇದು ನೆರವಾಗಬಹುದೆಂಬುದು ನಿಜ. ಆದರೆ ಅವರಿಂದ ತಪ್ಪಿಸಿಕೊಳ್ಳಲೆಂದು ಹೊಸ ಖಾತೆ ತೆರೆದ ಸಂತ್ರಸ್ತರ ಗುರುತೂ ಇದೇ ದಾರಿಯಲ್ಲಿ ಬಯಲಾಗಬಹುದಾದ್ದರಿಂದ, ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಗಂಭೀರವಾದ ಅಪಾಯ. ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮವಾದ ಜಿಡಿಪಿಆರ್, ವ್ಯಕ್ತಿಯನ್ನು ಖಚಿತವಾಗಿ ಗುರುತಿಸಬಲ್ಲ ವರ್ತನೆಯ ಲಕ್ಷಣಗಳನ್ನೂ ಬಯೋಮೆಟ್ರಿಕ್ ಮಾಹಿತಿಯ ವ್ಯಾಖ್ಯೆಯಲ್ಲಿ ಸೇರಿಸಿದೆ.