ಮನೆ ಕಟ್ಟಲು ಹಾಕಿದ ನಕ್ಷೆ ಮಂಜೂರಾತಿ ಅರ್ಜಿ ಪದೇ ಪದೇ ವಾಪಸ್ ಬರುವುದೇಕೆ?

ಹೆಚ್ಚಾಗಿ, ಕ್ರಯಪತ್ರದ ಅಳತೆಗೂ ನೆಲದ ಅಳತೆಗೂ ತಾಳೆಯಾಗದೆ. ಪತ್ರದಲ್ಲಿ 40 ಅಡಿ ಅಗಲವಿದ್ದು ಜಾಗದಲ್ಲಿ 39 ಮಾತ್ರ ಇದ್ದರೆ, 40ಕ್ಕೆ ಬರೆಸಿದ ನಕ್ಷೆಯಂತೆ ಕಟ್ಟಿದರೆ ಪಕ್ಕದ ಸೆಟ್‌ಬ್ಯಾಕ್ (ಕಟ್ಟಡಕ್ಕೂ ನಿವೇಶನದ ಗಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗ) ಒಂದಡಿ ಕಡಿಮೆ ಬೀಳುತ್ತದೆ. ಸ್ಥಳ ಪರಿಶೀಲನೆಗೆ ಬಂದವರು ಟೇಪು ಹಿಡಿದರೆ ಅರ್ಜಿ ಅಲ್ಲಿಗೇ ನಿಂತಿತು. ಹಾಗಾಗಿ ಮೊದಲು ಸರ್ವೆ, ಆಮೇಲೆ ನಕ್ಷೆ. ಸೆಟ್‌ಬ್ಯಾಕ್ ಅಳೆಯುವುದು ಗೋಡೆಯಿಂದಲೋ ಬಾಲ್ಕನಿಯ ಅಂಚಿನಿಂದಲೋ ಎಂಬುದನ್ನು ಸ್ಥಳೀಯ ನಿಯಮದಲ್ಲೇ ನೋಡಿಕೊಳ್ಳಿ. ಇದು ಎಲ್ಲ ಕಡೆ ಒಂದೇ ಅಲ್ಲ. ಸೈಟ್ ಪ್ಲಾನಿನಲ್ಲಿ ಉತ್ತರ ದಿಕ್ಕು, ರಸ್ತೆಯ ಅಗಲ, ಚರಂಡಿ ಸೇರುವ ಜಾಗ ಬಿಟ್ಟುಹೋಗಬಾರದು.

ಆಕ್ಷೇಪಣೆ ಬಂದರೆ ಪ್ರತಿ ಅಂಶಕ್ಕೂ ಬೇರೆಬೇರೆಯಾಗಿ ಉತ್ತರ ಬರೆದು, ತಿದ್ದಿದ ಹಾಳೆಗೆ ಹೊಸ ದಿನಾಂಕ ಹಾಕಿ ಕೊಡಿ. ಮಂಜೂರಾತಿ ಸಿಕ್ಕಿತೆಂದು ಕೂಡಲೇ ಪಾಯ ತೋಡಬೇಡಿ, ಕೆಲವು ಷರತ್ತುಗಳನ್ನು ಕೆಲಸ ಶುರುವಾಗುವ ಮೊದಲೇ ಪೂರೈಸಬೇಕಿರುತ್ತದೆ.