ಹೆಪ್ಪು ತೆಗೆದ ಮೇಲೂ ಡಬ್ಲ್ಯೂಬಿಸಿ 15,400 ಇದೆ. ಅಪ್ಪ ಚೇತರಿಸಿಕೊಳ್ಳುತ್ತಾರಾ?

ನೀವು ಬರೆದದ್ದು ಇಷ್ಟು. ಹುಮನಾಬಾದ್‌ನಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಹೈದರಾಬಾದ್‌ಗೆ ಒಯ್ದಿರಿ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಮೆದುಳಿನ ಹೆಪ್ಪು ಹೊರಗೆ ತೆಗೆದರು. ನಾಳ ಪೂರ್ತಿ ತೆರೆದಿದೆ ಅಂತ ಡಾಕ್ಟರ್ ಹೇಳಿದರು. ಆದರೆ ಮರುದಿನದ ರಿಪೋರ್ಟ್‌ನಲ್ಲಿ ಡಬ್ಲ್ಯೂಬಿಸಿ, ಅಂದರೆ ರಕ್ತದ ಬಿಳಿ ಕಣಗಳ ಎಣಿಕೆ, 15,400. ಅದರಲ್ಲಿ ನ್ಯೂಟ್ರೋಫಿಲ್ ಅನ್ನುವ ಬಗೆ ನೂರಕ್ಕೆ 84, ಲಿಂಫೋಸೈಟ್ ಅನ್ನುವ ಬಗೆ 9. ಜ್ವರ ಇಲ್ಲ. ಬಲಗೈ ಇನ್ನೂ ಎತ್ತುತ್ತಿಲ್ಲ. ಇದು ಸೋಂಕಾ, ಆಂಟಿಬಯಾಟಿಕ್ ಯಾಕೆ ಕೊಡುತ್ತಿಲ್ಲ, ಅಪ್ಪ ಮೊದಲಿನಂತೆ ಆಗ್ತಾರಾ ಅಂತ ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ದವಾಖಾನೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಚಿಕಿತ್ಸೆಯ ಮಾತು ಅಲ್ಲಿನ ನ್ಯೂರೋ ಡಾಕ್ಟರ್ ಹತ್ತಿರವೇ ಆಗಬೇಕು. ಆದರೆ ಆ ಕಾಗದದ ಮೇಲಿನ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನೋದನ್ನು ನಾನು ಹೇಳಬಲ್ಲೆ.

15,400 ಅಂದ ಮಾತ್ರಕ್ಕೆ ಸೋಂಕು ಅಂತಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಇರುತ್ತದೆ, ನಿಜ. ಆದರೆ ಮೆದುಳಿಗೆ ದೊಡ್ಡ ಪೆಟ್ಟು ಬಿದ್ದಾಗ ದೇಹ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡು, ಮೂಳೆಮಜ್ಜೆಯಲ್ಲಿ ಕಾದುಕೊಂಡು ಇದ್ದ ನ್ಯೂಟ್ರೋಫಿಲ್‌ಗಳು ಕೆಲವೇ ಗಂಟೆಯಲ್ಲಿ ರಕ್ತಕ್ಕೆ ಇಳಿಯುತ್ತವೆ. ಅದೇ ಹಾರ್ಮೋನುಗಳು ಲಿಂಫೋಸೈಟ್‌ಗಳನ್ನು ಕಡಿಮೆ ಮಾಡುತ್ತವೆ. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ನಿಮ್ಮ ಅಪ್ಪನ ರಿಪೋರ್ಟ್ ಸರಿಯಾಗಿ ಹಾಗೇ ಇದೆ.

ಅದಕ್ಕೇ ಬರೀ ಒಟ್ಟು ಕೌಂಟ್ ನೋಡಿ ಗಾಬರಿ ಆಗಬೇಡಿ. 84ನ್ನು 9ರಿಂದ ಭಾಗಿಸಿ, ಸುಮಾರು 9 ಬರುತ್ತದೆ. ಆರೋಗ್ಯವಂತರಲ್ಲಿ ಇದು ಹೆಚ್ಚುಕಡಿಮೆ 1ರಿಂದ 3ರ ಒಳಗೆ ಇರುತ್ತದೆ. ಹೆಪ್ಪು ತೆಗೆಸಿಕೊಂಡವರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಈ ಅನುಪಾತ ಜಾಸ್ತಿ ಇದ್ದವರು ಮೂರು ತಿಂಗಳ ಹೊತ್ತಿಗೆ ಸ್ವಲ್ಪ ಕಡಿಮೆ ಚೇತರಿಸಿಕೊಂಡದ್ದು ಕಂಡಿದೆ. ಮೆದುಳಿನೊಳಗೆ ರಕ್ತ ಒಸರಿದ್ದೂ ಅವರಲ್ಲೇ ಜಾಸ್ತಿ. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ, ನೀವೇ ಗೂಗಲ್ ಮಾಡಿ ನೋಡಿರ್ತೀರಿ.

ನಾಳ ತೆರೆದಿದೆ ಅಂದ ಮೇಲೂ ಕೈ ಯಾಕೆ ಎತ್ತುತ್ತಿಲ್ಲ? ಒಂದು ಕಾರಣ, ನಾಳ ತೆರೆಯುವಷ್ಟರಲ್ಲಿ ಮೆದುಳಿನ ಕೆಲವು ಭಾಗ ಆಗಲೇ ಸತ್ತಿರಬಹುದು. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಹೋಗುತ್ತವೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಲೆಕ್ಕ. ಇನ್ನೊಂದು ಕಾರಣದಲ್ಲಿ ಈ ಬಿಳಿ ಕಣಗಳ ಕೈವಾಡ ಇದೆ. ನಮ್ಮ ಕಲಬುರಗಿಯಲ್ಲಿ ರಿಂಗ್ ರೋಡ್ ಖಾಲಿಯಾದರೂ ಸೂಪರ್ ಮಾರ್ಕೆಟ್ ಪೇಟೆಯ ಒಳಗಿನ ಓಣಿಗಳಲ್ಲಿ ತಳ್ಳುಗಾಡಿ ಅಡ್ಡ ನಿಂತಿದ್ದರೆ ಗಾಡಿ ಮುಂದೆ ಹೋಗಲ್ಲ, ಅಲ್ವಾ? ಹಾಗೆ. ಲೀಶ್‌ಮನ್ ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನ್ಯೂಟ್ರೋಫಿಲ್ ಚೆನ್ನಾಗಿ ಕಾಣುತ್ತದೆ. ತಿಳಿ ಗುಲಾಬಿ ಮೈ, ಒಳಗೆ ಮೂರ್ನಾಲ್ಕು ತುಂಡಾಗಿ ನೇರಳೆ ಬಣ್ಣದ ಬೀಜ. ಸುತ್ತಲಿನ ಕೆಂಪು ಕಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಮೆದುಳಿನ ಅತಿ ಸಣ್ಣ ನಾಳಗಳು ಇದಕ್ಕಿಂತ ಕಿರಿದು. ಮಾಮೂಲಾಗಿ ಇದು ಮೈ ಹಿಂಡಿಕೊಂಡು ದಾಟುತ್ತದೆ. ಕೆರಳಿದಾಗ ಮೈ ಬಿರುಸಾಗಿ, ಗೋಡೆಗೆ ಅಂಟಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಜೊತೆಗೆ ನಾಳದ ಗೋಡೆಯನ್ನು ಕೊರೆಯುವ ಕಿಣ್ವಗಳನ್ನೂ ಬಿಡುತ್ತದೆ. ಊತ, ರಕ್ತಸ್ರಾವ ಆಗುವ ಒಂದು ದಾರಿ ಅದು.

ಇನ್ನೊಂದು ವಿಚಾರ, ನನಗೆ ತುಂಬಾ ಇಷ್ಟವಾದದ್ದು. ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಹೊರಗೆ ಎಸೆದು ಬಲೆ ಹೆಣೆಯುತ್ತದೆ. 2004ರಲ್ಲಿ ಇದನ್ನು ಮೊದಲ ಸಲ ವಿವರಿಸಿದರು. ಬ್ಯಾಕ್ಟೀರಿಯಾ ಹಿಡಿಯುವ ಬಲೆ ಅಂತ. ಆಮೇಲೆ ಲಕ್ವಾ ರೋಗಿಗಳಿಂದ ಹೊರತೆಗೆದ ಹೆಪ್ಪುಗಳನ್ನು ಕೊಯ್ದು ನೋಡಿದಾಗ ಅವುಗಳ ಒಳಗೂ ಅದೇ ಬಲೆ ಸಿಕ್ಕಿತು. ಬಲೆ ಇರುವ ಹೆಪ್ಪು ಗಟ್ಟಿ, ಕರಗಿಸುವ ಇಂಜೆಕ್ಷನ್‌ಗೆ ಬೇಗ ಬಗ್ಗಲ್ಲ.

ಹಾಗಾದರೆ ಈ ಕಣಗಳನ್ನೇ ತಡೆದುಬಿಟ್ಟರೆ ಆಯ್ತಲ್ಲ ಅನಿಸುತ್ತದೆ. ಪ್ರಯತ್ನ ಆಗಿದೆ. ಅವು ನಾಳದ ಗೋಡೆಗೆ ಅಂಟದಂತೆ ಮಾಡುವ ಎನ್ಲಿಮೊಮ್ಯಾಬ್ ಅನ್ನುವ ಔಷಧದ ಫಲಿತಾಂಶ 2001ರಲ್ಲಿ ಬಂತು. ಔಷಧ ಪಡೆದವರ ಸ್ಥಿತಿ, ಪಡೆಯದವರಿಗಿಂತ ಕೆಟ್ಟಿತು. ಬಿಳಿ ಕಣ ಅಪರಾಧಿಯೋ, ಅಥವಾ ಪೆಟ್ಟು ಎಷ್ಟು ದೊಡ್ಡದು ಅಂತ ಸುದ್ದಿ ತಂದವನೋ ಅನ್ನುವುದು ಅಷ್ಟು ಸುಲಭಕ್ಕೆ ಬಗೆಹರಿಯುವ ಮಾತಲ್ಲ. ದೊಡ್ಡ ಪೆಟ್ಟಿಗೆ ಕೌಂಟ್ ತಾನಾಗಿಯೇ ಏರುತ್ತದೆ. ಬೀಡಿ ಸೇದುವವರಲ್ಲಿ ಮೊದಲೇ ಜಾಸ್ತಿ ಇರುತ್ತದೆ. ಸ್ಟೀರಾಯ್ಡ್ ಕೊಟ್ಟಿದ್ದರೂ ಏರುತ್ತದೆ.

ಆಂಟಿಬಯಾಟಿಕ್ ವಿಷಯಕ್ಕೂ ಇದೇ ಉತ್ತರ. ಸೋಂಕು ಬರುವ ಮೊದಲೇ ಕೊಟ್ಟರೆ ಹೇಗೆ ಅಂತ ನೆದರ್ಲೆಂಡ್ಸ್‌ನಲ್ಲಿ 2,500ಕ್ಕೂ ಹೆಚ್ಚು ಲಕ್ವಾ ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಸೆಫ್ಟ್ರಿಯಾಕ್ಸೋನ್, ನಮ್ಮಲ್ಲೂ ದಿನಾ ಓಡುವ ಇಂಜೆಕ್ಷನ್. 2015ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ಚೇತರಿಕೆಯಲ್ಲಿ ಲಾಭ ಕಾಣಲಿಲ್ಲ. ಜ್ವರ ಇಲ್ಲ, ಕಫ ಇಲ್ಲ, ಆದರೂ ಕೌಂಟ್ ನೋಡಿ ಆಂಟಿಬಯಾಟಿಕ್ ಬರೆಯದ ಡಾಕ್ಟರ್ ನಿಮಗೆ ಸಿಕ್ಕಿದ್ದಾರೆ ಅಂದರೆ ನನ್ನ ಲೆಕ್ಕದಲ್ಲಿ ಒಳ್ಳೆಯದೇ. ಹಟ ಹಿಡಿದು ಬರೆಸಬೇಡಿ.

ನಿಮ್ಮ ಕೈಯಲ್ಲಿ ಇರುವುದು ಬೇರೆ. ದೊಡ್ಡ ಲಕ್ವಾ ಆದ ಮೇಲಿನ ಈ ದಿನಗಳಲ್ಲಿ ಸೋಂಕನ್ನು ತಡೆಯುವ ಶಕ್ತಿ ಕುಗ್ಗಿರಬಹುದು. ಮೊದಲ ವಾರದಲ್ಲಿ ಹೆಚ್ಚು ಕಾಡುವುದು ನ್ಯುಮೋನಿಯಾ, ಅದೂ ನುಂಗುವಾಗ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗಿ. ನಮ್ಮ ಕಡೆ ನೋಡಲು ಬಂದವರು ಸುಮ್ನೆ ಕೂರಲ್ಲ. "ಬಾಯಿ ಒಣಗ್ಯಾದ, ಒಂದು ಚಮಚ ಎಳನೀರು ಹಾಕ್ರಿ" ಅಂತಾರೆ. ಮಲಗಿದವರ ಬಾಯಿಗೆ ಅದನ್ನು ಹಾಕಿಯೂ ಬಿಡ್ತಾರೆ. ಪ್ರೀತಿಯಿಂದಲೇ ಮಾಡುವುದು, ಆದರೆ ಅಪಾಯ ಅಲ್ಲೇ. ನುಂಗುವ ಪರೀಕ್ಷೆ ಆಗಿದೆಯಾ ಅಂತ ಸಿಸ್ಟರ್‌ಗೆ ಕೇಳಿ. ಅದು ಆಗುವ ತನಕ ಬಾಯಿಗೆ ಹನಿ ನೀರೂ ಬೇಡ. ಆದ ಮೇಲೂ ನೆಟ್ಟಗೆ ಕೂರಿಸಿಯೇ ಕೊಡಿ. ತೆಳ್ಳಗಿನ ನೀರಿಗಿಂತ ಗಟ್ಟಿ ಗಂಜಿ ಕೆಲವರಿಗೆ ಸುರಕ್ಷಿತ, ಎಷ್ಟು ಗಟ್ಟಿ ಅಂತ ಅವರೇ ಹೇಳ್ತಾರೆ. ಬಾಯಿ ದಿನಾ ಸ್ವಚ್ಛ ಮಾಡಿ. ತಿಂದ ಮೇಲೆ ಕೆಮ್ಮು, ಗೊರಗೊರ ದನಿ ಬಂದರೆ ತಕ್ಷಣ ಹೇಳಿ.

ಮುಂದಿನ ರಿಪೋರ್ಟ್ ಬಂದಾಗ ಒಂದೇ ಅಂಕಿ ನೋಡಬೇಡಿ, ದಿಕ್ಕು ನೋಡಿ. ನ್ಯೂಟ್ರೋಫಿಲ್ ಇಳಿದು ಲಿಂಫೋಸೈಟ್ ಏರುತ್ತಿದ್ದರೆ ಒಳ್ಳೆಯ ಸುದ್ದಿ. ಇಳಿದದ್ದು ಮತ್ತೆ ಏರಿ, ಜ್ವರವೂ ಸೇರಿದರೆ ಎದೆಯ ಎಕ್ಸ್‌ರೇ, ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಡ್ರಿಪ್ ಹೋಗುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಸಲೈನ್ ಬೆರೆತು ಕೌಂಟ್ ಸುಳ್ಳೇ ಕಡಿಮೆ ತೋರಿಸುತ್ತದೆ, ಇನ್ನೊಂದು ಕೈಯಿಂದ ತೆಗೆಯಿರಿ ಅಂತ ಕೇಳಲು ಸಂಕೋಚ ಬೇಡ.

ಅಪ್ಪ ನಡೀತಾರಾ ಅನ್ನೋದನ್ನು ಈ ಕಾಗದ ನೋಡಿ ಯಾರೂ ಹೇಳಲಾರರು. ವಯಸ್ಸು, ಎಷ್ಟು ಹೊತ್ತಿಗೆ ನಾಳ ತೆರೆಯಿತು, ಸ್ಕ್ಯಾನ್‌ನಲ್ಲಿ ಎಷ್ಟು ಜಾಗ ಹಾಳಾಗಿದೆ, ಶುಗರ್ ಎಷ್ಟಿತ್ತು, ಇವುಗಳ ಮಾತು ಡಬ್ಲ್ಯೂಬಿಸಿಗಿಂತ ಜೋರು. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲೇ ಹೆಚ್ಚು, ಹಾಗಾಗಿ ಊರಿಗೆ ಬಂದ ಮೇಲೆ ಫಿಸಿಯೋಥೆರಪಿ ತಪ್ಪಿಸಬೇಡಿ. ಮನೆಯಲ್ಲಿ ವಾರಕ್ಕೊಂದು ಸಿಬಿಸಿ (ಈ ರಕ್ತಕಣಗಳ ಎಣಿಕೆ) ಮಾಡಿಸುತ್ತಾ ಕೂರುವ ಅಗತ್ಯ ಇಲ್ಲ, ಬಿಪಿ ಮತ್ತು ಶುಗರ್ ನೋಡಿಸಿ. ಡಿಸ್ಚಾರ್ಜ್ ದಿನ ಸ್ಕ್ಯಾನ್‌ನ ಸಿಡಿ, ಎಲ್ಲ ದಿನದ ರಕ್ತದ ರಿಪೋರ್ಟ್ ಕೇಳಿ ಇಸಿದುಕೊಳ್ಳಿ. ರಾತ್ರಿ ಜ್ವರ ಬಂದು ಬೀದರ್‌ಗೋ ಕಲಬುರಗಿಗೋ ಓಡಬೇಕಾದರೆ, ಅಲ್ಲಿನ ಡಾಕ್ಟರ್ ಮೊದಲು ಕೇಳುವುದು ಹಳೆಯ ಕೌಂಟ್ ಎಷ್ಟಿತ್ತು ಅಂತಲೇ.