ಓದುಗರ ಪ್ರಶ್ನೆ: ಮರ, ಹಗ್ಗ, ಗರಗಸ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮರ ಸವರುವುದನ್ನೇ ಕಸುಬಾಗಿ ಮಾಡಿಕೊಂಡವರಿಂದ ಬಂದವು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದಪ್ಪ ಕೊಂಬೆ ಕತ್ತರಿಸುವಾಗ ಕೊನೆಯಲ್ಲಿ ಸೀಳಿ, ಕಾಂಡದ ತೊಗಟೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಮೇಲೆ ಕಾಂಡಕ್ಕೆ ಸಮನಾಗಿ ಕತ್ತರಿಸಿ ಬಣ್ಣ ಬಳಿಯುತ್ತೇವೆ. ಆದರೂ ಕೆಲವು ವರ್ಷಗಳಲ್ಲಿ ಅಲ್ಲೇ ಪೊಟರೆ ಬೀಳುತ್ತದೆ. ಏಕೆ?

ಉತ್ತರ: ಸೀಳಲು ಕಾರಣ ಒಂದೇ ಕೊಯ್ತದಲ್ಲಿ ಮೇಲಿನಿಂದ ಕತ್ತರಿಸುವುದು. ಗರಗಸ ಪೂರ್ತಿ ಇಳಿಯುವ ಮೊದಲೇ ಕೊಂಬೆ ತನ್ನ ಭಾರಕ್ಕೆ ಬಾಗುತ್ತದೆ. ಅಡಿಯ ನಾರು ಇನ್ನೂ ತುಂಡಾಗಿರುವುದಿಲ್ಲ, ಹಾಗಾಗಿ ತೊಗಟೆಯನ್ನು ಎಳೆದುಕೊಂಡೇ ಬೀಳುತ್ತದೆ. ಮೂರು ಕೊಯ್ತ ಮಾಡಿ. ಮೊದಲನೆಯದು ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಕೊಂಬೆಯ ಅಡಿಯಿಂದ, ದಪ್ಪದ ಕಾಲು ಭಾಗದಷ್ಟು. ಇನ್ನೂ ಆಳಕ್ಕೆ ಹೋದರೆ ಗರಗಸದ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸಿಕ್ಕಿಕೊಳ್ಳುತ್ತದೆ. ಎರಡನೆಯದು ಅದಕ್ಕಿಂತ 3–5 ಸೆಂ.ಮೀ. ಆಚೆ, ಮೇಲಿನಿಂದ. ಕೊಂಬೆ ಬಿದ್ದು ಮೋಟು ಉಳಿಯುತ್ತದೆ. ಭಾರ ಹೋದ ಮೇಲೆ ಆ ಮೋಟನ್ನು ತೆಗೆಯುವುದು ಮೂರನೆಯ ಕೊಯ್ತ.

ಪೊಟರೆಯ ಮೂಲ ಈ ಮೂರನೆಯದರಲ್ಲಿದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಮೇಲ್ಗಡೆ ತೊಗಟೆ ಮಡಿಚಿಕೊಂಡ ಒಂದು ಏಣು, ಅಡಿಯಲ್ಲಿ ಒಂದು ಉಬ್ಬು ಇರುತ್ತದೆ. ಉಬ್ಬು ಕಾಂಡದ ಭಾಗ, ಕೊಂಬೆಯದಲ್ಲ. ಕೊಳೆತವನ್ನು ತಡೆಯುವ ಗೋಡೆಯನ್ನು ಮರ ಕಟ್ಟಿಕೊಳ್ಳುವುದು ಅಲ್ಲೇ. ಕಾಂಡಕ್ಕೆ ಸಮನಾಗಿ ಕತ್ತರಿಸಿದಾಗ ಆ ಉಬ್ಬೂ ಹೋಗಿ ಗಾಯ ದೊಡ್ಡದಾಗುತ್ತದೆ. ಏಣಿನ ಹೊರಗಿನಿಂದ ಶುರುಮಾಡಿ ಉಬ್ಬಿನ ಹೊರಗಡೆ ಮುಗಿಸಿ. ಹಾಗೆಂದು ಉದ್ದ ಮೋಟು ಬಿಟ್ಟರೂ ಕಷ್ಟವೇ. ಮೋಟು ಒಣಗಿ ಕೊಳೆಯುತ್ತದೆ, ಹೊಸ ತೊಗಟೆ ಅದರ ಮೇಲೆ ಹತ್ತಿ ಮುಚ್ಚಲಾರದು.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಮರಕ್ಕೆ ಗಾಯ ಮಾಯುವುದಿಲ್ಲ, ಕೆಟ್ಟ ಭಾಗವನ್ನು ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ ಎಂಬ ಅವರ ವಿವರಣೆ 1977ರಲ್ಲಿ ಪ್ರಕಟವಾಯಿತು. ಬಣ್ಣ, ಡಾಂಬರು ಆ ಗೋಡೆಗೆ ಏನೂ ಸಹಾಯ ಮಾಡುವುದಿಲ್ಲ. ಪದರ ಬಿರಿದಾಗ ಒಳಗೆ ತೇವ ಕಟ್ಟಿ ಶಿಲೀಂಧ್ರಕ್ಕೇ ಅನುಕೂಲ. ಹಸಿ ಗಾಯಕ್ಕೆ ಬರುವ ಕೀಟಗಳಿಂದ ರೋಗ ಹರಡುವ ಕೆಲವು ಜಾತಿಗಳಲ್ಲಿ ಮಾತ್ರ ಬಳಿಯುವುದುಂಟು. ಉಳಿದ ಕಡೆ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಮರದ ನೆತ್ತಿಯನ್ನೇ ಅರ್ಧಕ್ಕೆ ಹಾರಿಸಿಬಿಡಿ ಎಂದು ಮನೆಯವರು ಪಟ್ಟು ಹಿಡಿಯುತ್ತಾರೆ. ಏನು ಹೇಳಿ ಒಪ್ಪಿಸುವುದು?

ಉತ್ತರ: ಗಾಳಿಗೆ ಮುರಿದು ಬೀಳುತ್ತದೆಂಬ ಭಯಕ್ಕೆ ತಾನೇ ಅವರು ಕೇಳುವುದು? ನೆತ್ತಿ ಕಡಿದರೆ ಆ ಭಯ ಕೆಲವೇ ವರ್ಷಗಳಲ್ಲಿ ನಿಜವಾಗುತ್ತದೆ ಎಂದು ವಿವರಿಸಿ. ಮೋಟಾದ ಜಾಗದಲ್ಲಿ ಹತ್ತಾರು ಚಿಗುರು ಒಟ್ಟಿಗೆ ಏಳುತ್ತವೆ. ಅವು ಹುಟ್ಟುವುದು ತೊಗಟೆಯ ಕೆಳಗಿನ ಮೊಗ್ಗುಗಳಿಂದ, ಹಾಗಾಗಿ ಹಿಡಿತ ಹೊರಪದರದಲ್ಲಷ್ಟೇ. ಮೇಲೆ ಚಿಗುರು ದಪ್ಪವಾಗುವ ಹೊತ್ತಿಗೆ ಕೆಳಗೆ ಮೋಟು ಕೊಳೆತಿರುತ್ತದೆ. ಎತ್ತರವೂ ಬೇಗ ಮೊದಲಿನಷ್ಟೇ ಆಗುತ್ತದೆ.

ಬದಲಿಗೆ ಉದ್ದ ಕೊಂಬೆಗಳನ್ನು ಒಂದು ಪಕ್ಕಗೊಂಬೆಯ ತನಕ ಹಿಂದಕ್ಕೆ ತನ್ನಿ. ಆ ಪಕ್ಕಗೊಂಬೆ ನೀವು ತೆಗೆಯುವ ಭಾಗದ ದಪ್ಪದ ಮೂರನೇ ಒಂದಾದರೂ ಇರಬೇಕು, ಇಲ್ಲದಿದ್ದರೆ ತುದಿಯ ಕೆಲಸವನ್ನು ಅದು ವಹಿಸಿಕೊಳ್ಳಲಾರದು. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹಳೆಯ ಮರಕ್ಕೆ ಅದೂ ಜಾಸ್ತಿ. ಒಳಗಿನ ಸಣ್ಣ ರೆಂಬೆಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ಮಾತ್ರ ಎಲೆ ಉಳಿಸುವ ಅಭ್ಯಾಸವನ್ನೂ ಬಿಡಿ. ಭಾರವೆಲ್ಲ ತುದಿಗೆ ಸರಿದು ಕೊಂಬೆ ಮುರಿಯುವುದು ಹೆಚ್ಚುತ್ತದೆ.

ಪ್ರಶ್ನೆ: 12 ಮಿ.ಮೀ. ಹಗ್ಗದಲ್ಲಿ ಎಷ್ಟು ದೊಡ್ಡ ತುಂಡನ್ನು ಇಳಿಸಬಹುದು?

ಉತ್ತರ: ಹಗ್ಗದ ದಪ್ಪ ನೋಡಿ ಇದಕ್ಕೆ ಉತ್ತರಿಸಲಾಗದು. ಲೇಬಲ್ಲಿನ ಮೇಲಿನ ಬಲ, ತುಂಡಿನ ತೂಕ, ಅದು ಬೀಳುವ ದೂರ ಮೂರೂ ಬೇಕು. ಮೊದಲು ತೂಕ. ಹಸಿ ಮರ ಘನ ಮೀಟರಿಗೆ ಸುಮಾರು 1,000 ಕೆ.ಜಿ. ಎಂದಿಟ್ಟುಕೊಳ್ಳಿ. 40 ಸೆಂ.ಮೀ. ಅಡ್ಡಳತೆಯ, 1 ಮೀಟರ್ ಉದ್ದದ ತುಂಡು 125 ಕೆ.ಜಿ. ಆಗುತ್ತದೆ. ಅಡ್ಡಳತೆ ಇಮ್ಮಡಿಯಾದರೆ ತೂಕ ನಾಲ್ಮಡಿ. ಕಣ್ಣಂದಾಜು ಕೈಕೊಡುವುದು ಇಲ್ಲೇ.

ಇನ್ನು ಬೀಳುವ ದೂರ. ಕಾಂಡವನ್ನು ತುದಿಯಿಂದ ಇಳಿಸಿಕೊಂಡು ಬರುವಾಗ ಹಗ್ಗ ಹಾದುಹೋಗುವ ರಾಟೆ ಕೊಯ್ತದ ಕೆಳಗಿರುತ್ತದೆ. ತುಂಡು ಮೇಲಿಂದ ಉರುಳಿ ರಾಟೆಯನ್ನು ದಾಟಿದ ಮೇಲಷ್ಟೇ ಹಗ್ಗ ಬಿಗಿಯುತ್ತದೆ. 1 ಮೀಟರ್ ಬಿದ್ದ ತುಂಡನ್ನು, ಅದೇ ತೂಕಕ್ಕೆ 5 ಸೆಂ.ಮೀ. ಮಾತ್ರ ಹಿಗ್ಗುವ ಹಗ್ಗ ತಟ್ಟನೆ ಹಿಡಿದರೆ ಎಳೆತ ತೂಕದ ಏಳು ಪಟ್ಟು ಮೀರುತ್ತದೆ. 125 ಕೆ.ಜಿ. ಎಂಬುದು 900 ಕೆ.ಜಿ. ಹತ್ತಿರವಾಯಿತು. ರಾಟೆಯನ್ನು ಹಗ್ಗದ ಎರಡೂ ಎಳೆ ಕೆಳಕ್ಕೆ ಎಳೆಯುವುದರಿಂದ ಅಲ್ಲಿ ಬೀಳುವ ಹೊರೆ ಅದರ ಇಮ್ಮಡಿಗೆ ಸಮೀಪ. ಆ ಹೊರೆ ಹೊತ್ತ ಕಾಂಡಕ್ಕೇ ನೀವೂ ಸೊಂಟ ಕಟ್ಟಿಕೊಂಡಿರುತ್ತೀರಿ!

ಲೇಬಲ್ಲಿನಲ್ಲಿ 3,000 ಕೆ.ಜಿ. ಎಂದಿದ್ದರೆ ಅದು ಹೊಸ ಹಗ್ಗ ಹರಿಯುವ ಬಲ. ಗಂಟು ಬಿದ್ದಲ್ಲಿ ಕಾಲು ಭಾಗವೋ ಅದಕ್ಕಿಂತ ಹೆಚ್ಚೋ ಕುಗ್ಗುತ್ತದೆ. ಜಗ್ಗುವ ಹೊರೆಗೆ ಹತ್ತನೇ ಒಂದು, ಅಂದರೆ 300 ಕೆ.ಜಿ.ಯೊಳಗೆ ನಿಲ್ಲುವುದು ಕ್ಷೇಮ. ಆದ್ದರಿಂದ ತುಂಡು ಗಿಡ್ಡ ಮಾಡಿ. ಉದ್ದ ಅರ್ಧವಾದರೆ ತೂಕವೂ ಬೀಳುವ ದೂರವೂ ತಗ್ಗುತ್ತವೆ. ರಾಟೆಯನ್ನು ಕೊಯ್ತಕ್ಕೆ ಆದಷ್ಟು ಸಮೀಪ ಕಟ್ಟಿ, ಹಗ್ಗದ ಸಡಿಲವನ್ನು ಪೂರ್ತಿ ಎಳೆದುಕೊಳ್ಳಿ. ಕೆಳಗಿರುವವರು ಮರದ ಬುಡಕ್ಕೆ ಕಟ್ಟಿದ ಲೋಹದ ಕೊಳವೆಗೆ ಹಗ್ಗ ಸುತ್ತಿಕೊಂಡು, ತುಂಡು ಬಿದ್ದೊಡನೆ ಬಿಗಿಹಿಡಿಯದೆ ಸ್ವಲ್ಪ ಜಾರಲು ಬಿಟ್ಟು ನಿಧಾನಕ್ಕೆ ನಿಲ್ಲಿಸಲಿ. ಸುತ್ತನ್ನು ಅಂಗೈಗೆ ಹಾಕಿಕೊಳ್ಳುವುದು ಮಾತ್ರ ಬೇಡ. ಹೊರೆ ಇಳಿಸಿದ ಹಗ್ಗ ಮತ್ತೆಂದೂ ಮರ ಏರುವ ಹಗ್ಗವಾಗಬಾರದು. ಬಣ್ಣ ಬೇರೆ ಬೇರೆ ಇಟ್ಟುಕೊಂಡರೆ ಅದಲುಬದಲಾಗುವುದಿಲ್ಲ.

ಪ್ರಶ್ನೆ: ಸವರುವ ಕೆಲಸಕ್ಕೂ ಕಾಲಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಹತ್ತಬಹುದೇ?

ಉತ್ತರ: ಬೇಡ. ಉಳಿಯಬೇಕಾದ ಮರಕ್ಕೆ ಪ್ರತಿ ಹೆಜ್ಜೆಯೂ ಒಂದು ಗಾಯ. ಮುಳ್ಳು ಏನಿದ್ದರೂ ಕಡಿದುಹಾಕುವ ಮರಕ್ಕೆ. ಅಲ್ಲೂ ಗರಗಸ ಹಿಡಿದಾಗ ಎರಡು ಕಡೆ ಕಟ್ಟಿಕೊಂಡಿರಬೇಕು: ಒಂದು ಏರುಹಗ್ಗ, ಇನ್ನೊಂದು ಉಕ್ಕಿನ ತಂತಿಯ ತಿರುಳಿರುವ ಸೊಂಟದ ಹಗ್ಗ.

ಪ್ರಶ್ನೆ: ಚೈನ್‌ಸಾ ಒಂದು ಪಕ್ಕಕ್ಕೇ ಎಳೆಯುತ್ತದೆ, ಚಕ್ಕೆಯ ಬದಲು ಹಿಟ್ಟು ಬರುತ್ತದೆ. ಚೈನ್ ಹೊಸತೇ.

ಉತ್ತರ: ಹಿಟ್ಟು ಬಂದರೆ ಹಲ್ಲು ಮೊಂಡಾಗಿದೆ; ಮಣ್ಣು ಮೆತ್ತಿದ ಬುಡಕ್ಕೆ ಒಮ್ಮೆ ತಾಗಿದರೂ ಸಾಕು. ಪಕ್ಕಕ್ಕೆ ಎಳೆಯುತ್ತಿದ್ದರೆ ಎಡಬಲದ ಹಲ್ಲುಗಳ ಉದ್ದ ಹೆಚ್ಚುಕಡಿಮೆಯಾಗಿದೆ. ಉದ್ದ ಮತ್ತು ಹರಿತ ಇರುವ ಕಡೆಗೆ ಕೊಯ್ತ ಓಡುತ್ತದೆ. ಅತಿ ಗಿಡ್ಡ ಹಲ್ಲನ್ನು ಹುಡುಕಿ ಉಳಿದವನ್ನು ಅದರ ಮಟ್ಟಕ್ಕೆ ತನ್ನಿ. ಮರದ ಮೇಲೆ ಬಳಸುವ ಸಣ್ಣ ಗರಗಸದ ಕಿರು 3/8 (ಇಂಚಿನಲ್ಲಿ ಕೊಂಡಿಗಳ ಅಂತರ) ಚೈನಿಗೆ 4 ಮಿ.ಮೀ. ದುಂಡು ಅರ, .325 ಚೈನಿಗೆ 4.8, ದೊಡ್ಡ 3/8ಕ್ಕೆ 5.2 ಮಿ.ಮೀ. ಸಾಮಾನ್ಯ ಕೋನ 30 ಡಿಗ್ರಿ. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಎತ್ತರದಲ್ಲಿರಲಿ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ಹಿಂದೆಳೆಯುವಾಗ ಎತ್ತಿಕೊಳ್ಳಿ.

ಹಲ್ಲು ಸವೆದಂತೆ ಅದರ ಮುಂದಿನ ಗೂಟ (ಹಲ್ಲು ಎಷ್ಟು ಆಳ ಕೊಯ್ಯಬೇಕೆಂದು ನಿರ್ಧರಿಸುವ ಉಬ್ಬು) ಎತ್ತರವಾಗಿ ಹಲ್ಲು ಮರಕ್ಕೆ ತಾಗುವುದೇ ಇಲ್ಲ. ಗೂಟ ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು, ಗೇಜ್ ಇಟ್ಟೇ ಚಪ್ಪಟೆ ಅರದಿಂದ ಉಜ್ಜಿ. ಅಂದಾಜಿನಲ್ಲಿ ಹೆಚ್ಚು ಉಜ್ಜಿದರೆ ಗರಗಸ ಜಿಗಿಯುತ್ತದೆ, ತುದಿ ಮುಖದತ್ತ ಒದೆಯುವ ಅಪಾಯವೂ ಏರುತ್ತದೆ. ಇಷ್ಟಾದರೂ ಎಳೆತ ನಿಲ್ಲದಿದ್ದರೆ ಬಾರ್‌ನ ಎರಡು ಅಂಚಿನ ಎತ್ತರ ಹೋಲಿಸಿ. ಕೆಲಸ ಮುಗಿದ ಮೇಲೆ ಚೈನ್ ಸಡಿಲಿಸಿಡಿ, ಬಿಸಿಯಲ್ಲಿ ಬಿಗಿದದ್ದು ತಣ್ಣಗಾದಾಗ ಕುಗ್ಗಿ ಬೇರಿಂಗಿಗೆ ಪೆಟ್ಟು ಕೊಡುತ್ತದೆ.

ಪ್ರಶ್ನೆ: ಟೊಳ್ಳು ಮರ ಏರಬಹುದೋ ಬಾರದೋ ಹೇಗೆ ತಿಳಿಯುವುದು?

ಉತ್ತರ: ಬುಡದಿಂದ ನೋಡಲು ಶುರುಮಾಡಿ. ಬೇರಿನ ಮೇಲೆ ತಟ್ಟೆಯಂಥ ಅಣಬೆ, ಸುತ್ತ ನೆಲದಲ್ಲಿ ಹೊಸ ಬಿರುಕು, ಒಂದು ಕಡೆ ಮಣ್ಣು ಎದ್ದಿರುವುದು ಕಂಡರೆ ಏರಬೇಡಿ. ಆಮೇಲೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಡಬಡಬ ಎಂದರೆ ಒಳಗೆ ಖಾಲಿ. ಗಟ್ಟಿ ಗೋಡೆ ಅರೆ ಅಡ್ಡಳತೆಯ ಮೂರನೇ ಒಂದರಷ್ಟಾದರೂ ಇರಲಿ ಎಂಬುದು ವಾಡಿಕೆಯ ಲೆಕ್ಕ: 60 ಸೆಂ.ಮೀ. ಅಡ್ಡಳತೆಯ ಕಾಂಡಕ್ಕೆ 10 ಸೆಂ.ಮೀ. ಪೊಟರೆ ಹೊರಕ್ಕೆ ಬಾಯ್ತೆರೆದಿದ್ದರೆ ಈ ಲೆಕ್ಕ ನಡೆಯದು. ಅನುಮಾನವಿದ್ದರೆ ಬಕೆಟ್ ಲಿಫ್ಟ್ (ತೊಟ್ಟಿಯಲ್ಲಿ ನಿಂತು ಮೇಲೇರುವ ಯಂತ್ರ) ತರಿಸಿ. ಪೊಟರೆಗೆ ಸಿಮೆಂಟ್ ತುಂಬಬೇಡಿ, ನೀರು ಇಳಿಯಲೆಂದು ತೂತು ಕೊರೆಯಲೂ ಬೇಡಿ. ಮರ ಕಟ್ಟಿಕೊಂಡ ಗೋಡೆಯನ್ನು ಆ ತೂತು ಒಡೆಯುತ್ತದೆ.

ಪ್ರಶ್ನೆ: ಸಂಜೆ ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯುತ್ತದೆ. ರಜೆ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಈಗಲೇ ವೈದ್ಯರಿಗೆ ತೋರಿಸಿ, ದಿನವೂ ಗರಗಸ ಹಿಡಿಯುತ್ತೀರಿ ಎಂದು ಮರೆಯದೆ ಹೇಳಿ. ಯಂತ್ರದ ನಡುಕದಿಂದ ರಕ್ತನಾಳ, ನರಗಳಿಗೆ ಆಗುವ ಈ ಹಾನಿ ಬಲಿತರೆ ಹಿಂದಿರುಗುವುದಿಲ್ಲ. ಯೂರೋಪಿನ 2002ರ ನಿಯಮ ಕೈಗೆ ತಾಗುವ ನಡುಕ ಎಂಟು ಗಂಟೆಯ ಲೆಕ್ಕದಲ್ಲಿ 2.5 ಮೀ./ಸೆ² ದಾಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು ಎನ್ನುತ್ತದೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ನಡುಕದ ಅಂಕಿ 5 ಇದ್ದರೆ ಎರಡು ಗಂಟೆಗೆ ಮೊದಲ ಗಡಿ ಮುಟ್ಟುತ್ತೀರಿ. 7 ಇದ್ದರೆ ಒಂದೇ ಗಂಟೆಗೆ. ಸರದಿಯಲ್ಲಿ ಗರಗಸ ಬದಲಿಸಿಕೊಳ್ಳಿ, ಕೈ ಬೆಚ್ಚಗಿಡಿ, ನಡುಕ ತಡೆಯುವ ರಬ್ಬರ್ ಬಫರ್ ಹರಿದಿದ್ದರೆ ಬದಲಾಯಿಸಿ. ಮೊಂಡು ಚೈನ್ ನಡುಕವನ್ನೂ ಹೆಚ್ಚಿಸುತ್ತದೆ. ಸಿಗರೇಟು ಇದ್ದರೆ ಬಿಡಿ, ಅದು ರಕ್ತನಾಳವನ್ನು ಇನ್ನಷ್ಟು ಬಿಗಿಸುತ್ತದೆ.

ಪ್ರಶ್ನೆ: ಕೆಲಸ ಮುಗಿದ ಮೇಲೆ ‘ಇದೂ ಸೇರಿತ್ತಲ್ಲ’ ಎಂಬ ಜಗಳ ತಪ್ಪಿಸುವುದು ಹೇಗೆ?

ಉತ್ತರ: ಅಂದಾಜುಪಟ್ಟಿಯಲ್ಲಿ ‘ಮರ ಕ್ಲೀನ್ ಮಾಡುವುದು’ ಎಂದು ಬರೆದರೆ ಜಗಳ ಖಂಡಿತ. ಯಾವ ಮರ, ಎಷ್ಟು ಮೀಟರಿನಿಂದ ಎಷ್ಟಕ್ಕೆ ಇಳಿಸುವುದು, ಒಣಕೊಂಬೆ ಎಷ್ಟು ದಪ್ಪಕ್ಕಿಂತ ಮೇಲಿನದು ತೆಗೆಯುವುದು, ಸೌದೆ ಯಾರಿಗೆ, ಸೊಪ್ಪು ಯಾರು ಸಾಗಿಸುವುದು, ಅನುಮತಿ ಬೇಕಿದ್ದರೆ ಯಾರು ತರುವುದು ಎಲ್ಲವೂ ಬರಹದಲ್ಲಿರಲಿ. ಕೆಲಸಕ್ಕೆ ಮೊದಲು ಗೋಡೆ, ಹಂಚು, ನೆಲದ ಹಾಸಿನ ಫೋಟೊ ತೆಗೆದಿಡಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್ ಕಡಿತವಾದದ್ದು ಖಚಿತವಾದ ದಿನವೇ ಕೆಲಸ ಎಂಬ ಸಾಲು ಸೇರಿಸಿ. ಪೂರ್ತಿ ಕಡಿಯುವುದಾದರೆ ಬುಡವನ್ನು ನೆಲದಿಂದ ಎಷ್ಟು ಸೆಂ.ಮೀ. ಎತ್ತರಕ್ಕೆ ಬಿಡುತ್ತೀರಿ, ಬೊಡ್ಡೆ ಕೀಳುವುದು ಇದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬೇರೆ ಸಾಲಿನಲ್ಲೇ ಬರೆಯಿರಿ. ಹೆಚ್ಚಿನ ತಕರಾರು ಬರುವುದು ಬೊಡ್ಡೆಯ ವಿಷಯಕ್ಕೇ.